ಅಧ್ಯಕ್ಷರ ಹಲಗೆ

ಶಿಡ್ಲಘಟ್ಟ ಪುರಸಭೆಯ ಈ ಹಲಗೆಯಲ್ಲಿ
ಮೇಲಿನ ಒಂಬತ್ತು ಹೆಸರು ನಮ್ಮಪ್ಪನ ಕೈ.
ಕಂದಾಯ ಕಟ್ಟಿದವರಿಗಷ್ಟೇ ಓಟಿದ್ದ ಕಾಲ;
'ಶ್ರೀಮಾನ್' ಸೇರಿಸಿದರೆ ಎರಡಾಣೆ ಹೆಚ್ಚು.

ಕೆಳಗಿನವು ನನ್ನವು.
ಚುನಾವಣೆಯೇ ನಡೆಯದ ಏಳು ವರ್ಷಕ್ಕೆ
'ಆಡಳಿತಾಧಿಕಾರಿ' ಅಂತಷ್ಟೇ ಬರೆಸಿದರು.
ಸಾಹೇಬರು ಬದಲಾದರು, ಬಣ್ಣ ಖರ್ಚಾಗಲಿಲ್ಲ.

ಆ ದಪ್ಪ ಅಕ್ಷರ ಮುನಿನಂಜಪ್ಪನದು.
ಇಬ್ಬರಿಗೂ ಹನ್ನೊಂದು ಹನ್ನೊಂದು ಓಟು;
ಜವಾನನ ಮಗಳು ಡಬ್ಬಿಗೆ ಕೈ ಹಾಕಿ
ಚೀಟಿ ಎತ್ತಿದಳು.
ಚೀಟಿ ಬಾರದ ರೀಲರು ಗೌಸ್ ಪೀರ್
ಮೊದಲ ಲಾಡು ಅವಳ ಬಾಯಿಗೇ ಇಟ್ಟು
ಗೂಡಿನ ಮಾರ್ಕೆಟ್ಟಿಗೆ ಹೊರಟುಹೋದ, ಹರಾಜಿನ ಹೊತ್ತಾಗಿತ್ತು.
ಅವನ ಹೆಸರು ನಾನು ಬರೆದದ್ದು
ಅಂಗಡಿ ಶಟರಿನ ಮೇಲಷ್ಟೇ.

ಹೆಂಗಸರ ಮೀಸಲು ಬಂದ ವರ್ಷ
'ಪಿಳ್ಳಮ್ಮ ಕೋಂ ಚಿಕ್ಕವೆಂಕಟರಾಯಪ್ಪ' ಅಂತ ಬರೆದುಕೊಟ್ಟರು.
ಬರೆದೆ. ಗಂಡನ ಹೆಸರು ಅಂಚಿಗೆ ಮುಟ್ಟಿತು,
ಕೊನೇ ಅಕ್ಷರ ಹಿಂಡಿ ಹಿಂಡಿ ಕೂರಿಸಿದೆ.
ಸಂಜೆ ಆಕೆ ಒಬ್ಬಳೇ ಬಂದಳು,
ಕೈಯಲ್ಲಿ ಸೀಮೆಎಣ್ಣೆ ಅದ್ದಿದ ಬಟ್ಟೆ.
"ಜಾಗ ಸಾಲ್ದು ಅಲ್ವೇನಣ್ಣ?" ಅಂದಳು.
ಬಣ್ಣ ಇನ್ನೂ ಹಸಿ.

ಈಗಲೂ ಕಿಟಕಿಯ ಕಡೆಯಿಂದ ವಾರೆಯಾಗಿ ನೋಡಿದರೆ
ಅಲ್ಲೊಂದು ಮಸುಕು:
ಕೋಂ.