ಎಂ.ಎಚ್. ಹತ್ತು

ಉಮದಿ ನಾಕಾದಾಗ ಸೈದು ಮುಲ್ಲಾನ ವೆಲ್ಡಿಂಗ್ ಅಂಗಡಿ.
ನನ್ನ ಸಿಡಿ ಡಿಲಕ್ಸಿನ ಹಿಂದಿನ ಕ್ಯಾರಿಯರ್ ಅವನ ಕೈಯಿಂದು:
ಕನ್ನಡ ಸಾಲಿ ಹಳೇ ಕಿಟಕಿ ಲಿಲಾವಿನಾಗ ತಂದ ಸರಳು,
ಬಗ್ಗಿಸಿ, ಬೆಸೆದು, ಕರೀ ಬಣ್ಣ ಬಳದು ಕೊಟ್ಟ.
ರೊಕ್ಕ ಮುಟ್ಟಲಿಲ್ಲ. ಒಂದು ಕೆಲಸ ಹೇಳಿದ:
"ಅಲ್ಲಿ ದೇಶ ಮುಗಿಯೂ ಕಡೆ ಒಂದು ಪೂಲು ಅದ ಅಂತಿ,
ಅರ್ಧ ನಮ್ಮದು ಅರ್ಧ ಅವರದು ಅಂತಿ.
ನಡುವ ಜೋಡು ಹ್ಯಾಂಗ ಹಚ್ಯಾರ, ನೋಡ್ಕೊಂಡು ಬಾ."

ಹೊಂಟ ದಿನ ಮೊದಲ ಚಡಚಣಕ್ಕ ಹೋಗಿ ಟಾಕಿ ತುಂಬಿಸಿದೆ.
ಎಣ್ಣಿ ಅಲ್ಲಿ ಅಗ್ಗ. ನಮಗ ಗಡಿ ದಾಟೂದಂದ್ರ
ಹಿಟ್ಟಿನ ಗಿರಣಿಗೆ ಹೋಗಿ ಬಂದಂಗ.
ಡಾಂಬರಿನ ಬಣ್ಣ ಬದಲಾಗತದ, ಗಾಲಿ ಒಮ್ಮೆ ದಡಕ್ ಅಂತದ,
ಅಷ್ಟ.

ಹತ್ತೊಂಬತ್ತು ದಿನ.
ಮೂರು ಪಂಕ್ಚರು, ಒಂದು ಚೈನು,
ಸಿಲಿಗುರಿಯಾಗ ಒಬ್ಬ ಆನಿಯಂಥ ಗಾಡಿ ನಿಲ್ಲಿಸಿ
"ಇದರ ಮ್ಯಾಲ?" ಅಂತ ಫೋಟೋ ತಗೊಂಡ.
ಬೋರ್ಡಿನ ಅಕ್ಷರ ಬದಲಾದಂಗ ಬದಲಾದಂಗ
ಓದೂದು ಬಿಟ್ಟೆ. ಬಾಣದ ಗುರುತು ಸಾಕು.
ಚಂಫಾಯಿ ದಾಟಿದ ಮ್ಯಾಲ ಬಾಣಾನೂ ಇಲ್ಲ,
ಕೆಂಪು ಕೆಸರು, ಬಿದಿರು, ಕೆಳಗ ಎಲ್ಲೋ ತಿಯಾವ್ ಹೊಳೆ ಸಪ್ಪಳ.

ಪೂಲಿನ ಈಚೆ ದಂಡೆಗೆ ಚಹಾದಂಗಡಿ. ಆಕಿ ಹೆಸರು ಥಾಂಗಿ.
ನನಗ ತಂಗಿ ಅಂತ ಕೇಳಿಸಿತು.
ಇಡೀ ದಿನ ತಂಗಿ, ತಂಗಿ ಅಂದೆ,
ಯಾರೂ ತಿದ್ದಲಿಲ್ಲ.

ಜವಾನ ಬಂದು ನಂಬರ್ ಪ್ಲೇಟಿನ ಕೆಸರು ಬೂಟಿನಿಂದ ಒರೆಸಿದ.
"ಸಾಂಗಲಿ? ಮರಾಠಿ?"
"ಕನ್ನಡ."
"ಮತ್ತ ಎಂ.ಎಚ್. ಯಾಕ?"
ಈ ಪ್ರಶ್ನೆಗೆ ನನ್ನ ಹಿಂದಿ ಸಾಲೂದಿಲ್ಲ.
ಮರಾಠಿನೂ ಸಾಲೂದಿಲ್ಲ. ಖರೇ ಅಂದ್ರ ಕನ್ನಡಾನೂ.
ಟಾಕಿ ಮ್ಯಾಲಿನ ಧೂಳಿನಾಗ ಬೆರಳಿಂದ ಗೆರಿ ಎಳದೆ:
ಇದು ಉಮದಿ, ಇದು ಚಡಚಣ,
ಪುಸ್ತಕ ಪುಣೆದಾಗ ಅಚ್ಚಾಗತದ, ಕನ್ನಡದಾಗ,
ಅಜ್ಜಿಯ ಬೈಗುಳ ಈ ಕಡೆದು, ಅತ್ತಿಯ ಬೈಗುಳ ಆ ಕಡೆದು,
ಎರಡೂ ಒಂದ.
ಜವಾನ ಆಕಳಿಸಿದ. ಪರ್ಮಿಟ್ ವಾಪಸ್ ಕೊಟ್ಟ.

ಥಾಂಗಿ ಮಾತ್ರ ಗಲಾಸು ತೊಳಿಯೂದು ಬಿಟ್ಟು ಬಂದು
ನನ್ನ ಗೆರಿ ಬಾಜೂಕ ಇನ್ನೊಂದು ಎಳದಳು, ಒದ್ದಿ ಬೆರಳಿಂದ.
ಗೆರಿ ಆಚೆ ಒಂದು ಚುಕ್ಕಿ ಇಟ್ಟು
ಹೊಳೆ ಆಚೆ ದಂಡಿ ತೋರಿಸಿದಳು:
ತಗಡಿನ ಛತ್ತು, ಹಗ್ಗದ ಮ್ಯಾಲ ಒಂದು ಕೆಂಪು ಲಂಗ.
ಅಕ್ಕನ ಮನಿ.
ಆಮ್ಯಾಲ ಎರಡೂ ಕೈ ಬಾಯಿಗೆ ಹಿಡಿದು ಒದರಿದಳು.
ಆಚೆಯಿಂದ ಅದ ಮಾತಿನಾಗ ಉತ್ತರ ಬಂತು, ಉದ್ದ,
ಬೈದಂಗ ಇತ್ತು.
ಆ ವಾರ ಗೇಟು ಮುಚ್ಚಿತ್ತು.

ರಾತ್ರಿ ಮಳಿ ಬಂದು ಟಾಕಿ ತೊಳೀತು.
ನಾನು ಕಾವಲಿನವನ ಕೇಳಿ ಪೂಲಿನ ನಡುವಿನ ತನಕ ಹೋಗಿ
ಬಗ್ಗಿ ನೋಡಿದೆ. ಮುಟ್ಟಿ ನೋಡಿದೆ.
ಎಲ್ಲಿ ನಮ್ಮ ಕಬ್ಬಿಣ, ಎಲ್ಲಿ ಅವರದು,
ಜಂಗು ಎರಡಕ್ಕೂ ಒಂದ ಬಣ್ಣ ಹಚ್ಚಿತ್ತು.

ಸೈದು ಈಗ ಗಾಡಿ ಕೆಳಗ ಮಲಗ್ಯಾನ,
ಟಾರ್ಚು ಬಾಯಾಗ, ಕ್ಯಾರಿಯರ್ ತಡವತಾನ.
"ಹೇಳು, ಬೆಸುಗಿ ಹ್ಯಾಂಗಿತ್ತು?"
"ಬೆಸುಗಿ ಇಲ್ಲೋ ಮಾರಾಯಾ. ಬರೇ ನಟ್ ಬೋಲ್ಟು."
ಬ್ಯಾಟರಿ ಉಗುಳಿದ. ನಕ್ಕ.
"ಹಂಗಾರ ಬಿಚ್ಚಾಕ ಬರ್ತದ."
ಯಾವುದನ್ನ, ಅಂತ ನಾ ಕೇಳಲಿಲ್ಲ.

ಕ್ಯಾರಿಯರಿನ ಎಡಗಡೆ ಸರಳು ಬಿರಿದಿತ್ತು,
ಅವ ಬೆಸೆದ ಜಾಗಾದಾಗಲ್ಲ, ಒಂದು ಬಟ್ಟು ಆಚೆ.
"ನೋಡು," ಅಂದ, ಹೆಮ್ಮಿಯಿಂದ,
"ನನ್ನ ಜೋಡು ಬಿಟ್ಟಿಲ್ಲ. ಸಾಲಿ ಸರಳ ಸಡಿಲ."
ಕನ್ನಡಕ ಇಳಿಸಿ ರಾಡ್ ಹೊತ್ತಿಸಿದ.

ನಾನು ಕಣ್ಣು ಬ್ಯಾರೆ ಕಡೆ ಹೊರಳಿಸಿದೆ.
ಚಡಚಣದ ಕಡೆಯಿಂದ ಒಬ್ಬ ಹುಡುಗ
ಕ್ಯಾನಿನಾಗ ಪೆಟ್ರೋಲು ತರಾಕತ್ತಿದ್ದ, ಒಂದ ಕೈಲೆ ಹ್ಯಾಂಡಲ್ ಹಿಡಿದು.