ಮೆಷಿನ್ ಎಣ್ಣೆ

ಬಾಟಲಿ ಒಂದೇ.
ಬೆಳಿಗ್ಗೆ ನನ್ನ ಹೊಲಿಗೆ ಮೆಷಿನಿಗೆ ಎರಡು ಹನಿ,
ಆದಿತ್ಯವಾರ ಸಂಜೆ ಅವರ ಕೋವಿಗೆ ನಾಲ್ಕು.
ಈ ಹನಿಗಳ ಲೆಕ್ಕಕ್ಕೆ ನಾವು ಆಡಿದಷ್ಟು ಜಗಳ
ದುಡ್ಡಿನ ಲೆಕ್ಕಕ್ಕೂ ಆಡಿದವರಲ್ಲ.

ಅದು ಮನೆಗೆ ಬಂದ ಹೊಸತರಲ್ಲಿ ಕೇಳಿದ್ದೆ,
ತೆಂಗಿನೆಣ್ಣೆ ಆಗದಾ?
ಅದು ತಲೆಗೆ, ಸುಗಂಧಿ. ಇದಕ್ಕೆ ಹಾಕಿದರೆ
ಡಿಸೆಂಬರಿನ ಬೆಳಗ್ಗೆ ಹೆಪ್ಪುಗಟ್ಟಿ
ಎರಡನೇ ತೋಟೆ ಗಂಟಲಲ್ಲೇ ಕೂರುತ್ತದೆ, ಅಂದರು
ಹವಾಲ್ದಾರ್ ಗಿರಿಧರ ಕೋಟ್ಯಾನ್, ನಿವೃತ್ತ.
ಈಗ ಕಿನ್ನಿಮೂಲ್ಕಿಯ ಬ್ಯಾಂಕಿನ ಬಾಗಿಲಲ್ಲಿ
ಒಂದು ಸ್ಟೂಲು, ಒಂದು ಫ್ಯಾನು, ಅರ್ಧ ಅವರ ಕಡೆಗೆ.

ಹಳೆ ಪೇಪರು ಹಾಸಿ ಬಿಚ್ಚುತ್ತಾರೆ:
ನಳಿಗೆ, ಸ್ಪ್ರಿಂಗು, ಮಸಿ ಹಿಡಿದ ಪಿಸ್ಟನ್ನು.
ಬಿಚ್ಚಿದ ಸಾಲಿನಲ್ಲೇ ಇಡಬೇಕು,
ನಡುವೆ ಯಾರೂ ದಾಟಬಾರದು, ಬೆಕ್ಕೂ.
ಸೆಮಿ ಅಂದರೆ ಅರ್ಧ, ಅಷ್ಟು ಗೊತ್ತು.
ಉಳಿದರ್ಧ ಯಾರದು?
ಮೊದಲನೆಯದರ ಹೊಗೆಯೇ ಎರಡನೆಯದನ್ನು
ಒಳಗೆ ಕೂರಿಸುತ್ತದೆ, ಅಂದರು.
ಬೆರಳು ಮಾತ್ರ ಪ್ರತಿ ಸಲವೂ ನಮ್ಮದೇ.

ಲೈಸೆನ್ಸಿನಲ್ಲಿ ನನ್ನ ಹೆಸರಿಲ್ಲ.
ಮುಟ್ಟುವ ಹಾಗಿಲ್ಲ, ಎತ್ತಿಡುವ ಹಾಗಿಲ್ಲ,
ಕಪಾಟಿನ ಕೀಲಿ ಅವರ ಉಡಿದಾರದಲ್ಲಿ.
ಆದರೂ ಮನೆಯೊಳಗಿನ ಸಾಮಾನು,
ಬಟ್ಟೆಯಿಲ್ಲದೆ ಮಲಗಬಾರದು ಅನ್ನಿಸಿ
ಕೊಡವೂರಿನ ಮದುಮಗಳ ರವಿಕೆಯಲ್ಲಿ ಉಳಿದ
ಕೆಂಪು ಮಖಮಲ್ಲಿಗೆ ಒಳಗೆ ಹತ್ತಿಯಿಟ್ಟು
ಚೌಕುಳಿ ಚೌಕುಳಿ ಹೊಲಿಗೆ ಹಾಕಿ ಕೊಟ್ಟೆ.
ಅಳತೆ? ಅವರು ಹಿಡಿದು ನಿಂತರು,
ನಾನು ಟೇಪನ್ನು ಗಾಳಿಯಲ್ಲಿ ಹಿಡಿದೆ.

ಆಟಿ ಕಳೆಯಿತು. ಮಲ್ಪೆಯ ಉಪ್ಪುಗಾಳಿ
ಹತ್ತಿಯೊಳಗೆ ಹೊಕ್ಕು ಹೊರಗೆ ಬರಲೇ ಇಲ್ಲ.
ಸೋಣದ ಮೊದಲ ಬಿಸಿಲಿಗೆ ಚೀಲ ತೆಗೆದರೆ
ನಳಿಗೆಯ ಉದ್ದಕ್ಕೂ ಕಂದು ಚೌಕುಳಿ,
ನನ್ನ ಹೊಲಿಗೆ, ಗೀಟಿಗೆ ಗೀಟು, ಉಕ್ಕಿನ ಮೇಲೆ.
ಪಲ್ಟನಿನಲ್ಲಿ ಇದಕ್ಕೆ ಏಳು ದಿನ ಪಿಟ್ಟೂ, ಅಂದರು.
ಬೇರೇನೂ ಅನ್ನಲಿಲ್ಲ. ಮೂರು ಸಂಜೆ ಉಜ್ಜಿದರು.
ಆ ಚೀಲದಲ್ಲಿ ಈಗ ನನ್ನ ಉದ್ದ ಕೊಡೆ.

ವರ್ಷಕ್ಕೊಮ್ಮೆ ಗುರಿ ಪರೀಕ್ಷೆ. ಐದು ತೋಟೆ.
ಬಂದವರ ಭುಜ ನೇರಳೆ ಹಣ್ಣು.
ಬಚ್ಚಲಿನ ಹವಾಯಿ ಚಪ್ಪಲಿಯ ಹಿಮ್ಮಡಿ ಕೊಯ್ದು
ಅಂಗಿಯ ಒಳಗೆ ಕೂರಿಸಿದೆ.
ಅದು ಅಂಗಿ, ಕೋವಿಯಲ್ಲ.
ಅಂಗಿಗೆ ಲೈಸೆನ್ಸು ಬೇಡವಲ್ಲ?

ಚುನಾವಣೆ ಬಂತೆಂದರೆ ಠಾಣೆಗೆ ಠೇವಣಿ.
ರಸೀದಿ ಮಡಚಿ ದೇವರ ಪಟದ ಹಿಂದೆ.
ಬ್ಯಾಂಕಿನಲ್ಲಿ ಅವರ ಕೈಗೆ ಬಿದಿರ ಲಾಠಿ,
ಪಾಸ್‌ಬುಕ್ ಹಿಡಿದ ಅಜ್ಜಿಯರು ನಗುತ್ತಿದ್ದರಂತೆ.
ಮೊದಲ ಆದಿತ್ಯವಾರ ಖಾಲಿ ಕಪಾಟು ತೆಗೆದು ಮುಚ್ಚಿದರು.
ಎರಡನೆಯದಕ್ಕೆ ಪೇಪರು ಹಾಸಿ
ನನ್ನ ಮೆಷಿನನ್ನೇ ಬಿಚ್ಚಿದರು.
ಬಾಬಿನು, ಹುಕ್ಕು, ಹಲ್ಲು, ನೂಲಿನ ನಾರು,
ಎಲ್ಲ ಸಾಲಾಗಿ. ನಾನೂ ದಾಟಲಿಲ್ಲ.
ಮರುದಿನ ಅದು ಸದ್ದಿಲ್ಲದೆ ಓಡಿತು, ಬೆಣ್ಣೆ.
ಒಂದು ಸ್ಕ್ರೂ ಉಳಿಯಿತು.
ಅದೇನು ಅಂತ ಇಬ್ಬರಿಗೂ ತಿಳಿದಿಲ್ಲ,
ಗುಂಡಿಯ ಡಬ್ಬದಲ್ಲಿದೆ.

ಐವತ್ತು ದಿನದ ಮೇಲೆ ಕೋವಿ ಮನೆಗೆ ಬಂತು,
ಬೇರೆಯವರ ಮನೆಯಲ್ಲಿ ಉಂಡು ಬಂದ ಮಗುವಿನ ಹಾಗೆ.
ಬಾ, ನೋಡು, ಅಂದರು.
ಬಾಗಿ ನೋಡಿದೆ, ಕೈ ಬೆನ್ನ ಹಿಂದೆ ಕಟ್ಟಿ.
ನಳಿಗೆಯ ಬುಡದಲ್ಲಿ ತುಕ್ಕಿನ ಒಂದು ಹೆಬ್ಬೆಟ್ಟು,
ಯಾವನೋ ಪೇದೆಯ ಬೆವರು,
ಸುರುಳಿ ಸುರುಳಿ ಗೆರೆ ಎಣಿಸುವಷ್ಟು ಸ್ಪಷ್ಟ.

ಹನ್ನೊಂದು ವರ್ಷ ಒಂದೇ ಬಾಟಲಿಯಿಂದ ಎಣ್ಣೆ ಕೊಟ್ಟವಳು ನಾನು.
ಹೊಟ್ಟೆಯೊಳಗೆ ಏನೋ ಸಣ್ಣಗೆ ಉರಿಯಿತು.
ಬಾಟಲಿ ಕೊಡು, ಅಂದರು.
ಕೊಟ್ಟೆ.
ಆವತ್ತು ಹನಿ ಎಣಿಸಲಿಲ್ಲ.