ಶಾಲೆ ಬಿಡಲು ಕಾರಣ

ನಾನು ಟೀಚರಲ್ಲ. ಮಕ್ಕಳಿಗೆ ಅದು ಗೊತ್ತಿಲ್ಲ.
ಆಫೀಸಿನ ಕಿಂಡಿಯ ಒಳಗೆ ಕೂತವರೆಲ್ಲ
ಟೀಚರೇ ಅವರಿಗೆ.
‘ತಾಂಡೇಲ ಟೀಚರ್, ನನ್ನ ಐಡಿ ಕಾರ್ಡು ಹೊಳೆಗೆ ಬಿತ್ತು’
ಸದಾಶಿವಗಡದ ಬಸ್ಸಿಂದ ಇಳಿದ ದಿಗಂತ ಪೆಡ್ನೇಕರ,
ಒಂದೇ ತಿಂಗಳಲ್ಲಿ ಮೂರನೇ ಸಲ.
ಕಾಳಿ ನದಿಯ ಮೀನುಗಳಿಗೆಲ್ಲ ಈಗ
ನಮ್ಮ ಶಾಲೆಯ ಗುರುತು ಚೀಟಿ ಇದ್ದೀತು.

ದಾಖಲಾತಿ ಪುಸ್ತಕ ಬಿಚ್ಚಿದರೆ ಮೇಜು ಸಾಲದು.
ಹೆಸರು, ಹುಟ್ಟಿದ ದಿನ, ತಂದೆಯ ಉದ್ಯೋಗ, ಮನೆಮಾತು.
ಕೊಂಕಣಿಯ ಕೆಳಗೆ ಪಂಜಾಬಿ,
ಪಂಜಾಬಿಯ ಕೆಳಗೆ ಒಡಿಯಾ, ಅದರಡಿ ಮತ್ತೆ ಕೊಂಕಣಿ,
ಆದರೆ ಇದು ಜೋವಿಟಾಳ ಇಗರ್ಜಿ ಕೊಂಕಣಿ,
ಮೇಲಿನದು ಖಾರ್ವಿಯರದು.
ಜಗಳಕ್ಕೆ ನಿಂತರೆ ಎರಡೂ ಒಂದೇ.

ಜೂನಿನಲ್ಲಿ ಅಂಗಳ ಎರಡು ಹೋಳು.
ನೇವಿ ಬಸ್ಸಿನವರು ಇತ್ತ, ಊರಿನವರು ಅತ್ತ,
ನಡುವೆ ಕೆಸರು.
ಹುಡುಗಿಯರು ಎಡಕ್ಕೆ, ಹುಡುಗರು ಬಲಕ್ಕೆ ಎಂಬುದು
ಪ್ರಿನ್ಸಿಪಾಲರ ನಿಯಮ.
ಮುರಿದದ್ದು ಪ್ರೀತಿಯಲ್ಲ, ಹಂಚು.
ಏಳನೇ ಬಿ ಸೋರಿ
ನಾಲ್ಕೇ ಬೆಂಚು ಒಣಗಿ ಉಳಿದಾಗ
ಎಲ್ಲರೂ ಒತ್ತರಿಸಿ ಕೂತರು.
ಹಂಚು ಹೊದಿಸಿದ ಮೇಲೂ ಯಾರೂ ಏಳಲಿಲ್ಲ.

ದೀಪಾವಳಿಯ ಹೊತ್ತಿಗೆ ಡಬ್ಬಿಗಳೂ ಅಡ್ಡಾದಿಡ್ಡಿ.
ಗುರ್ಲೀನಳ ರಾಜ್ಮಾ ಮಿಸ್ಬಾಳ ಬಾಯಲ್ಲಿ,
ದಿಗಂತನ ಒಣ ಶೆಟ್ಲಿ ಚಟ್ನಿ
ಯಾರ ಬಾಯಲ್ಲಿ ಎಂದು ನಾನು ಹೇಳುವುದಿಲ್ಲ,
ಅವರ ಮನೆಯಲ್ಲಿ ರಾದ್ಧಾಂತವಾದೀತು.

ಮಾರ್ಚ್ ಬಂತೆಂದರೆ ಟಿ.ಸಿ.
ಶಾಲೆ ಬಿಡಲು ಕಾರಣ: ತಂದೆಯ ವರ್ಗಾವಣೆ.
ತಂದೆಯ ವರ್ಗಾವಣೆ.
ತಂದೆಯ ವರ್ಗಾವಣೆ.
ವಿಶಾಖಪಟ್ಟಣಕ್ಕೆ, ಕೊಚ್ಚಿಗೆ, ಪೋರಬಂದರಿಗೆ,
ಪೆನ್ನಿಗೆ ದಾರಿ ರೂಢಿಯಾಗಿದೆ.
ಬೇರೆ ಕಾರಣ ನಾನು ಓದಿದ್ದು ಒಂದೇ ಸಲ,
ನನ್ನದೇ ಟಿ.ಸಿ.ಯಲ್ಲಿ, ನಾಲ್ಕನೇ ಇಯತ್ತೆ,
ಮಾಸ್ತರರ ಬಲಕ್ಕೆ ವಾಲಿದ ಅಕ್ಷರದಲ್ಲಿ:
‘ಊರಿನ ವರ್ಗಾವಣೆ.’
ಬೇರೆ ಶಬ್ದ ಅವರಿಗೆ ಹೊಳೆದಿರಲಿಕ್ಕಿಲ್ಲ.
ನೆಲ ನೇವಿಗೆ ಹೋಯಿತು. ನಾವು ತೋಡೂರಿಗೆ,
ಲಾರಿಯಲ್ಲಿ, ಬಲೆಗಳ ಮೇಲೆ ಕೂತು.

ಇವತ್ತು ಗುರ್ಲೀನ್ ಬಂದಳು.
ಹಿಂದೆ ಅಪ್ಪ, ಬಿಳಿ ಸಮವಸ್ತ್ರ, ಕೈಯಲ್ಲಿ ಟೊಪ್ಪಿ,
ಕಿಂಡಿಗೆ ಬಗ್ಗಲೋ ಬೇಡವೋ ಎಂಬಂತೆ ನಿಂತವರು.
ಅವಳಿಗೆ ಅಂಥ ಅನುಮಾನವಿಲ್ಲ,
ಮೊಣಕೈ ಊರಿ ಎರಡು ವರ್ಷದ ಕನ್ನಡದಲ್ಲಿ ಶುರು:
‘ಟೀಚರ್, ನಮ್ಮ ಕ್ವಾರ್ಟರ್ಸ್ ಹಿಂದೆ ತುಳಸಿಕಟ್ಟೆ ಉಂಟು.
ಮನೆ ಇಲ್ಲ, ಬರೀ ಕಟ್ಟೆ.
ನಮಗೆ ಅದೇ ವಿಕೆಟ್ಟು.
ನಾನು ಹೋದರೆ ಕೀಪರ್ ಯಾರೂ ಇಲ್ಲ.’

ಯಾವ ಬಣ್ಣ, ಕೇಳಿದೆ.
‘ಬಣ್ಣ ಹೋಗಿದೆ.’
ಗಿಡ?
‘ಹುಲ್ಲು.’
ಎದುರು ಬಾವಿ ಉಂಟಾ?
ಅವಳು ಯೋಚಿಸಿದಳು, ಅಪ್ಪನ ಮುಖ ನೋಡಿದಳು.
‘ಅಲ್ಲಿ ಬಾಲ್ ಹೋದರೆ ಔಟ್. ಸಿಗೋದಿಲ್ಲ.’

ಹಾಗೆ ಬಾವಿ ಇದ್ದ ಮನೆ
ನಮ್ಮ ಕೇರಿಯಲ್ಲೇ ಹನ್ನೊಂದು.
ನಮ್ಮದೇ ಎಂದು ಹೇಗೆ ಹೇಳಲಿ?
ಅಮ್ಮನಿಗೆ ಹೇಳಿದರೆ ಇವತ್ತೇ ನೋಡಬೇಕು ಅಂತಾಳೆ,
ಗೇಟಿನಲ್ಲಿ ಪಾಸು ಕೇಳುತ್ತಾರೆ.
‘ಚೆಂಡು ಬಡಿದು ಒಡೆದಿದೆಯಾ?’ ಅಂದೆ.
‘ಇಲ್ಲ ಟೀಚರ್,’ ಬೈಸಿಕೊಂಡವಳ ದನಿ,
‘ನಾವು ಟೆನಿಸ್ ಬಾಲ್ ಆಡೋದು.’

ಬರೆದೆ. ನಡತೆ: ತೃಪ್ತಿಕರ.
ಕಾರಣ: ಅದೇ.
ಕೊನೆಯ ಸಾಲು: ವಿದ್ಯಾರ್ಥಿಯಿಂದ
ಬರತಕ್ಕ ಬಾಕಿ ಏನಾದರೂ ಇದೆಯೇ?
ಗ್ರಂಥಾಲಯದ ಚೀಟಿ ನೋಡಿದರೆ
ತಡವಾದ ಪುಸ್ತಕಕ್ಕೆ ಹನ್ನೆರಡು ರೂಪಾಯಿ.
ಹೊರಗೆ ಮಿಸ್ಬಾ, ದಿಗಂತ, ಅರ್ಧ ಏಳನೇ ಬಿ
ಕಿಟಕಿಯ ಸರಳಿಗೆ ಜೋತುಬಿದ್ದು
‘ಬೇಗ ಕೊಡಬೇಡಿ ಟೀಚರ್’ ಅನ್ನುತ್ತಿದ್ದವು.

ಪರ್ಸಿನಿಂದ ಹನ್ನೆರಡು ರೂಪಾಯಿ ತೆಗೆದು ಡ್ರಾಯರಿಗೆ ಹಾಕಿದೆ.
ಬಾಕಿ: ಇಲ್ಲ.
ಸಿಕ್ಕಾ ಒತ್ತಿ
ಶಾಯಿ ಆರಲೆಂದು ಸ್ವಲ್ಪ ಹೊತ್ತು
ಕೈಯಲ್ಲೇ ಹಿಡಿದುಕೊಂಡಿದ್ದೆ.